ದಾನ ಪಾರಮಿಯ ಕಳವು

ಸೋಮವಾರ ಬೆಳಿಗ್ಗೆ ಪುಟ್ಟಮಾದಯ್ಯ ಮೇಷ್ಟ್ರು ತಗಡಿನ ಪೆಟ್ಟಿಗೆಯ ಬೀಗ ತೆಗೆದರು. ಒಳಗೆ ಮೂರು ಪುಸ್ತಕ ಇರಬೇಕಿತ್ತು. ಎರಡೇ ಇದ್ದವು.

ಬೀಗ ಮುರಿದಿರಲಿಲ್ಲ. ಬೀಗದ ಕೈ ಎಂದಿನಂತೆ ಗೋಡೆಯ ಗೂಡಿನಲ್ಲೇ ಇತ್ತು. ಪೆಟ್ಟಿಗೆಯಲ್ಲಿದ್ದ ಹೊಸ ಪಂಚೆ, ಪಿಂಚಣಿಯ ಕಾಗದ, ಹೆಂಡತಿ ಸೋಮಮ್ಮನ ಬೆಳ್ಳಿ ಕಾಲ್ಗಡಗ, ಒಂದೂ ಅಲುಗಿರಲಿಲ್ಲ. ಹೋದದ್ದು ಒಂದೇ ಒಂದು ಕೈಬರಹದ ಪುಸ್ತಕ. ಅದು ಹನ್ನೊಂದು ವರ್ಷದ ದುಡಿಮೆಯ ಮೊದಲ ಭಾಗ. ಅದರ ಇನ್ನೊಂದು ಪ್ರತಿ ಭೂಮಿಯ ಮೇಲೆ ಇರಲಿಲ್ಲ.

ಒಂಬತ್ತಕ್ಕೆ ಮೇಷ್ಟ್ರು ಠಾಣೆಗೆ ಹೋಗಿ ದೂರು ಕೊಟ್ಟರು. ಹತ್ತಕ್ಕೆ ಸಬ್‌ಇನ್ಸ್‌ಪೆಕ್ಟರು ಶಾಲೆಯೊಂದರ ಜವಾನ ನಿಂಗಯ್ಯನನ್ನು ಕರೆತರಿಸಿ ಲಾಕಪ್ಪಿಗೆ ಹಾಕಿಸಿದರು. ಹತ್ತೂವರೆಗೆ ದಫೇದಾರ ನಂಜಯ್ಯನನ್ನು ಕರೆದು, ಕಳ್ಳ ಸಿಕ್ಕಿದ್ದಾನೆ, ಮಾಲು ಹುಡುಕಿಕೊಂಡು ಬಾ ಎಂದರು.

ನಂಜಯ್ಯನ ಪಿಂಚಣಿಗೆ ಇನ್ನು ನಾಲ್ಕೇ ತಿಂಗಳು. ಮೂವತ್ತೊಂದು ವರ್ಷದಲ್ಲಿ ಕಳುವಾದ ಎಮ್ಮೆ, ಕಳುವಾದ ಕೊಳಗ, ಮನೆ ಬಿಟ್ಟು ಹೋದ ಗಂಡಂದಿರು, ಎಲ್ಲವನ್ನೂ ಹುಡುಕಿ ಹುಡುಕಿ ಅವನ ಮಂಡಿ ಸವೆದಿದ್ದವು. ಪುಸ್ತಕವೊಂದು ಬಾಕಿ ಇತ್ತು, ಅದೂ ಬಂತು. ವೈಶಾಖದ ಬಿಸಿಲು ಚಾಮರಾಜನಗರದ ಬೀದಿಯನ್ನು ಹೆಂಚಿನಂತೆ ಕಾಯಿಸಿತ್ತು. ಅವನು ನೆರಳಿರುವ ಕಡೆಯಿಂದಲೇ ಕೆಲಸ ಶುರು ಮಾಡೋಣವೆಂದು ಮೊದಲು ಲಾಕಪ್ಪಿನ ಕಂಬಿಯ ಮುಂದೆ ಕುಕ್ಕರಿಸಿದ.

ಭಾನುವಾರ ಮೇಷ್ಟ್ರು ಗುರುವಾರದ ಬುದ್ಧ ಹುಣ್ಣಿಮೆಯ ಸಭೆಗೆ ಜನರನ್ನು ಕರೆಯಲು ಸಂತೆಮರಹಳ್ಳಿಗೆ ಹೋಗಿದ್ದರಂತೆ. ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನ ಒಂದರವರೆಗೆ ನಿಂಗಯ್ಯ ಅವರ ಮನೆಗೆ ಸುಣ್ಣ ಹೊಡೆದಿದ್ದ. ಬೀಗದ ಕೈ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳಿದ.

‘ಓದಕ್ಕೆ ಬತ್ತದಾ ನಿಂಗೆ?’

‘ಬತ್ತದೆ. ಮೇಷ್ಟ್ರೇ ಕಲ್ಸುದ್ದು.’

‘ಮತ್ತೆ ಪುಸ್ತಕ?’

‘ದಿನಾ ಸಂಜೆ ಅವ್ರೇ ಓದಿ ಏಳ್ತಾರೆ ದಫೇದಾರ್ರೇ. ಕೇಳಕ್ಕೆ ಕೂತ್ಕಂಡ್ರೆ ಸಿಕ್ಕೋದ್ನ ನಾ ಯಾಕ ಕದೀಲಿ?’

ನಂಜಯ್ಯನಿಗೆ ಆ ಮಾತು ಸರಿಯೆನಿಸಿತು. ಆದರೆ ಸಬ್‌ಇನ್ಸ್‌ಪೆಕ್ಟರ ಲೆಕ್ಕಾಚಾರವೂ ತಪ್ಪೆನಿಸಲಿಲ್ಲ. ಮೂರು ಪುಸ್ತಕಗಳೂ ಒಂದೇ ಗಾತ್ರ, ಒಂದೇ ಕಂದು ಕಾಗದದ ಹೊದಿಕೆ. ಹೊರಗೆ ಒಂದಕ್ಷರವೂ ಇಲ್ಲ. ಬುದ್ಧನ ವಿಷಯವೆಂದು ಯಾರ ಕಣ್ಣೂ ಬೀಳದಿರಲೆಂದು ಮೇಷ್ಟ್ರು ಬೇಕೆಂದೇ ಹಾಗೆ ಇಟ್ಟಿದ್ದರು. ಕಳ್ಳ ಮೂರರಲ್ಲಿ ಮೊದಲನೆಯದನ್ನೇ ಆರಿಸಿಕೊಂಡು ಹೋಗಿದ್ದಾನೆ. ತೆರೆದು ಓದದೆ ಅದನ್ನು ಗುರುತಿಸುವುದು ಹೇಗೆ? ಆದ್ದರಿಂದ ಕಳ್ಳ ಓದುಬಲ್ಲವನು. ಭಾನುವಾರ ಆ ಮನೆಯಲ್ಲಿದ್ದವರು ಇಬ್ಬರು. ಸೋಮಮ್ಮನಿಗೆ ಅಕ್ಷರ ಬಾರದು. ಉಳಿದವನು ಯಾರು?

ನಾಳೆ ಹನ್ನೊಂದು ಗಂಟೆಗೆ ನಿಂಗಯ್ಯನನ್ನು ಕೋರ್ಟಿಗೆ ಹಾಜರು ಮಾಡಬೇಕು. ಕೋರ್ಟಿನ ಕಾಗದದ ಮೇಲೆ ಹೆಸರು ಬಿತ್ತೆಂದರೆ ಶಾಲೆಯವರು ಕೆಲಸದಿಂದ ತೆಗೆಯುತ್ತಾರೆ. ಅವನ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಮನುಷ್ಯ ಅವನು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನಂಜಯ್ಯ ಕಂಬಿ ಹಿಡಿದುಕೊಂಡು ಎದ್ದ. ನಾಳೆ ಹನ್ನೊಂದರೊಳಗೆ ಮುಗಿಯಬೇಕು, ಇಲ್ಲವಾದರೆ ಮುಗಿಸಿಯೂ ಫಲವಿಲ್ಲ.

ಮೇಷ್ಟ್ರು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಬಡಕಲು ದೇಹ, ಬೆಳ್ಳಗೆ ಒಗೆದ ಅಂಗಿ. ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಹೇಳಿ ದನಿ ಇಳಿದುಹೋಗಿತ್ತು. ಬೆಂಗಳೂರಿನ ಟ್ರೈನಿಂಗಿನಲ್ಲಿದ್ದಾಗ ಸಿಂಹಳದ ಭಿಕ್ಷುವೊಬ್ಬರ ಪರಿಚಯವಾಗಿ ಪಾಳಿ ಭಾಷೆ ಕಲಿತರಂತೆ. ಅವರು ಕೊಟ್ಟ ಗ್ರಂಥವನ್ನು ಕನ್ನಡ ಮಾಡಲು ಕೂತವರು ಹನ್ನೊಂದು ವರ್ಷ ಏಳಲಿಲ್ಲ.

ಬುದ್ಧ ಬುದ್ಧನಾಗುವ ಮುಂಚೆ ಎಷ್ಟೋ ಜನ್ಮ ಎತ್ತಿದ, ಮೊಲವಾಗಿ, ಕೋತಿಯಾಗಿ, ಆನೆಯಾಗಿ, ರಾಜನಾಗಿ. ಒಂದೊಂದು ಜನ್ಮದಲ್ಲೂ ಒಂದೊಂದು ಗುಣವನ್ನು ತುಂಬಿಸಿಕೊಂಡು ಬಂದ. ಅವಕ್ಕೆ ಪಾರಮಿಗಳೆಂದು ಹೆಸರು, ಒಟ್ಟು ಹತ್ತು. ಮೇಷ್ಟ್ರು ಪಾಠದ ದನಿಯಲ್ಲೇ ವಿವರಿಸಿದರು. ಮೊದಲ ಪುಸ್ತಕದಲ್ಲಿ ದಾನದ ಹತ್ತು ಕಥೆ, ಎರಡನೆಯದರಲ್ಲಿ ಶೀಲದ ಹತ್ತು, ಮೂರನೆಯದರಲ್ಲಿ ಸತ್ಯ, ಮೈತ್ರಿ ಮೊದಲಾದ ಉಳಿದವೆಲ್ಲ ಸೇರಿ ಹದಿನೈದು.

‘ಹತ್ತೂ ತುಂಬಕ್ಕೆ ಎಷ್ಟು ಕಾಲ ಬೇಕು ಮೇಷ್ಟ್ರೇ?’

‘ಲೆಕ್ಕಕ್ಕೆ ಸಿಕ್ಕದಷ್ಟು ಕಲ್ಪಗಳು.’

ನಂಜಯ್ಯನಿಗೆ ಕೇಳಿಯೇ ಕಾಲು ನೋಯತೊಡಗಿತು. ಅವನಿಗೆ ಒಂದು ಜನ್ಮವೇ ಸಾಕುಬೇಕಾಗಿತ್ತು. ಉಳಿದ ಪುಸ್ತಕ ಹೇಗಿದೆ, ಒಂದನ್ನಾದರೂ ತೋರಿಸಿ ಎಂದ.

ಮೇಷ್ಟ್ರು ಒಳಗಿದ್ದ ಹೆಂಡತಿಯನ್ನು ಕೂಗಿ, ಮೂರನೆಯದನ್ನು ತರಲು ಹೇಳಿದರು. ಸೋಮಮ್ಮ ಒಲೆಯ ಮುಂದಿನಿಂದ ಎದ್ದು, ಕಿಟಕಿಯಿಲ್ಲದ ನಡುಕೋಣೆಗೆ ಹೋಗಿ, ಪುಸ್ತಕ ತಂದು ಮುಂದಿಟ್ಟಳು. ಮೇಷ್ಟ್ರು ಪುಟ ತಿರುವಿ, ತಾಳ್ಮೆಯ ಕಥೆಯೊಂದನ್ನು ಓದತೊಡಗಿದರು. ಒಳ್ಳೆಯ ಕಥೆಯೇ. ಆದರೆ ಗಾಳಿ ಬೀಸುತ್ತಿತ್ತು, ಹಿಂದಿನ ದಿನ ನಿದ್ದೆ ಇರಲಿಲ್ಲ. ದಫೇದಾರನ ಗಲ್ಲ ಎದೆಗೆ ತಾಗಿತು. ಎಚ್ಚರವಾದಾಗ ಮೇಷ್ಟ್ರು ಬೇಸರಪಟ್ಟುಕೊಳ್ಳದೆ ಕಾಯುತ್ತಿದ್ದರು.

ನಿಮ್ಮ ಕೆಲಸ ಕೆಡಲಿ ಎನ್ನುವವರು ಯಾರಿದ್ದಾರೆ ಎಂದು ನಂಜಯ್ಯ ನಾಚಿಕೊಂಡು ಕೇಳಿದ. ಮೇಷ್ಟ್ರು ಎರಡು ಹೆಸರು ಹೇಳಿದರು. ಒಬ್ಬ ಗುಂಡ್ಲುಪೇಟೆಯ ರಂಗನಾಯಕ, ಅವನೂ ಮೇಷ್ಟ್ರೇ. ಪುಸ್ತಕ ಅಚ್ಚಾಗುವಾಗ ತನ್ನ ಹೆಸರೂ ಇರಲೆಂದು ಜಗಳವಾಡಿದ್ದ. ಇನ್ನೊಬ್ಬ ಭೀಮನಬೀಡಿನ ಪುಟ್ಟಮಲ್ಲಪ್ಪ. ಅಲ್ಲಿರುವ ಮೇಷ್ಟ್ರ ಒಂದೂವರೆ ಎಕರೆಯ ಪಕ್ಕದ ಹೊಲ ಅವನದು. ಆ ನೆಲದ ಮೇಲೆ ಅವನಿಗೆ ಕಣ್ಣಿತ್ತು.

‘ನೆಲಕ್ಕೂ ಪುಸ್ತಕಕ್ಕೂ ಏನು ಸಂಬಂಧ?’

ಬುದ್ಧನ ಎರಡು ಸಾವಿರದ ಐನೂರನೆಯ ವರ್ಷದ ಹುಣ್ಣಿಮೆ ಗುರುವಾರ. ಅಂದು ಜನರ ಮುಂದೆ ದಾನದ ಹತ್ತು ಕಥೆಗಳನ್ನು ಓದುವುದು. ಓದಿ ಮುಗಿಸಿ ಎದ್ದು, ಆ ನೆಲವನ್ನು ಬಡ ಹುಡುಗರ ಹಾಸ್ಟೆಲಿಗೆ ಕೊಟ್ಟೆ ಎಂದು ಸಾರುವುದು. ಓದದೆ ಕೊಡುವುದಿಲ್ಲ, ಓದಿದ ಮೇಲೆ ಉಳಿಸಿಕೊಳ್ಳುವುದಿಲ್ಲ. ಇದು ಮೇಷ್ಟ್ರ ಸಂಕಲ್ಪ. ದೃಢಸಂಕಲ್ಪವೂ ಹತ್ತು ಪಾರಮಿಗಳಲ್ಲಿ ಒಂದಂತೆ. ಪುಸ್ತಕ ಸಿಗದಿದ್ದರೆ ಎರಡೂ ನಿಂತವು.

ಹೊರಡುವ ಮುನ್ನ ನಂಜಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೋಮಮ್ಮನನ್ನು ಕೇಳಿದ. ಭಾನುವಾರ ನಿಂಗಯ್ಯ ಹೋದ ಮೇಲೆ ಎಲ್ಲಿದ್ದಿರಿ? ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದೆ, ಬರುವುದರೊಳಗೆ ಹೊತ್ತು ಮುಳುಗಿತ್ತು ಎಂದಳು. ಮುದ್ದೆ ತಿರುವುತ್ತಿದ್ದ ಕೈ ನಿಲ್ಲಲಿಲ್ಲ.

ಗುಂಡ್ಲುಪೇಟೆಯ ಬಸ್ಸು ತೆರಕಣಾಂಬಿಯಲ್ಲಿ ಅರ್ಧ ಗಂಟೆ ನಿಂತಿತು. ಡ್ರೈವರು ಊಟ ಮಾಡಿ ಎಲೆಅಡಿಕೆ ಹಾಕಿಕೊಳ್ಳುವವರೆಗೆ ನಂಜಯ್ಯ ಕಿಟಕಿಗೆ ತಲೆ ಒರಗಿಸಿ, ತಾನು ಹಿಂದಿನ ಜನ್ಮದಲ್ಲಿ ಏನು ಮಾಡಿ ಈ ಕೆಲಸಕ್ಕೆ ಬಂದೆನೋ ಎಂದು ಯೋಚಿಸಿದ.

ರಂಗನಾಯಕ ಶಾಲೆಗೆ ರಜೆಯಾದ್ದರಿಂದ ಮನೆಯ ಮಾಳಿಗೆಯ ಮೇಲೆ ಹುಣಸೆಹಣ್ಣು ಒಣಗಿಸುತ್ತಿದ್ದ. ಪೊಲೀಸಿನವನನ್ನು ಕಂಡು ಮುಖ ಬಿಗಿಯಾಯಿತು. ಕಳವಿನ ಸುದ್ದಿ ಕೇಳಿದ ಮೇಲೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಕೂತ.

‘ಭಾನುವಾರ ಎಲ್ಲಿದ್ರಿ?’

‘ನಂಜನಗೂಡಲ್ಲಿ, ತಂಗಿ ಮದುವೆ ಮಾತಿಗೆ. ಹತ್ತು ಜನ ಸಾಕ್ಷಿ ಹೇಳ್ತಾರೆ.’

‘ಹೆಸರಿಗೋಸ್ಕರ ಜಗಳ ಆಡಿದ್ರಂತೆ?’

‘ಆಡಿದ್ದೆ. ಎಷ್ಟೋ ಶಬ್ದಕ್ಕೆ ಅರ್ಥ ಹುಡುಕಿಕೊಟ್ಟವನು ನಾನು.’ ಮೊರವನ್ನು ಮತ್ತೆ ಕೈಗೆತ್ತಿಕೊಂಡು ರಂಗನಾಯಕನೇ ಮುಂದುವರಿಸಿದ: ‘ಒಂದು ಮಾತು ಯೋಚನೆ ಮಾಡಿ ದಫೇದಾರರೇ. ನಾನು ಕದಿಯೋದಾದರೆ ಮೂರನ್ನೂ ಕದೀತಿದ್ದೆ. ಬರೀ ದಾನದ ಭಾಗ ಇಟ್ಟುಕೊಂಡು ಯಾವ ಪುಸ್ತಕ ಅಚ್ಚು ಹಾಕಿಸಲಿ?’

ನಂಜಯ್ಯನಿಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಕಳ್ಳನಿಗೆ ಗ್ರಂಥ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ದಾನವೊಂದೇ, ಅಥವಾ ದಾನವೊಂದು ಬೇಡವಾಗಿತ್ತು. ಹಾಗಾದರೆ ಪುಟ್ಟಮಲ್ಲಪ್ಪನೇ? ಭೀಮನಬೀಡಿನ ಕಡೆ ಹೊರಟಿದ್ದ ಗೊಬ್ಬರದ ಗಾಡಿಯೊಂದರಲ್ಲಿ ಅವನು ಹತ್ತಿ ಕೂತ.

ಭೀಮನಬೀಡಿನಲ್ಲಿ ಒಂದು ಮಳೆ ಬಿದ್ದಿತ್ತು. ಅರಿಸಿನದ ಬಿತ್ತನೆ ನಡೆದಿತ್ತು. ಪುಟ್ಟಮಲ್ಲಪ್ಪ ಬದುವಿನ ಮೇಲೆ ನಿಂತು ಆಳುಗಳಿಗೆ ಹೇಳುತ್ತಿದ್ದವನು ದಫೇದಾರನಿಗೆ ಎಳನೀರು ಕೊಡಿಸಿದ. ಭಾರಿ ಆಳು, ಹಣೆಯ ತುಂಬ ವಿಭೂತಿ, ಮಾತು ನಿಧಾನ. ಹೌದು, ಆ ನೆಲ ಮಾರಿದರೆ ತನಗೇ ಬೇಕು, ಅದರಲ್ಲಿ ಮುಚ್ಚುಮರೆ ಏನು, ಮೇಷ್ಟ್ರನ್ನು ಎರಡು ಸಲ ಕೇಳಿಯೂ ಆಗಿದೆ ಎಂದ. ಕಳವಿನ ಮಾತಿಗೆ ನಕ್ಕ. ಹದಿನೈದು ದಿನದಿಂದ ತಾನು ಹೊಲ ಬಿಟ್ಟು ಕದಲಿಲ್ಲ, ಆಳುಗಳನ್ನು ಕೇಳು ಎಂದ. ಆಳುಗಳೂ ಹಾಗೇ ಹೇಳಿದರು.

ಇಲ್ಲಿಗೂ ಬಂದದ್ದು ದಂಡವಾಯಿತೆಂದು ನಂಜಯ್ಯ ಎಳನೀರು ಮುಗಿಸುವಾಗ ಪುಟ್ಟಮಲ್ಲಪ್ಪ ಪಕ್ಕದ ಹೊಲದ ಕಡೆ ಗಲ್ಲ ಎತ್ತಿ ತೋರಿಸಿದ.

‘ಆ ನೆಲ ಮೇಷ್ಟ್ರುದಲ್ಲ ಕಣಯ್ಯ.’

‘ಪತ್ರ ಅವ್ರ ಎಸ್ರಲ್ಲೇ ಅದೆಯಲ್ಲ?’

‘ಪತ್ರ ಇರ್ಬೋದು. ಅವ್ರ ಎಂಡ್ತಿ ಸೋಮಿ ಅವ್ಳಲ್ಲ, ಅವ್ಳಪ್ಪ ಮಗಳ ಅರಿಸ್ನ ಕುಂಕುಮಕ್ಕೆ ಅಂತ ಕೊಟ್ಟ ನೆಲ ಅದು. ಎಂಗ್ಸು ಕಚೇರಿ ಮೆಟ್ಲು ಅತ್ಬಾರ್ದು ಅಂತ ಅಳಿಯನ್ ಎಸ್ರಿಗೆ ಬರ್ಸ್ದ. ಊರಿಗೆಲ್ಲ ಗೊತ್ತು.’

ತವರಿನವರು ಅರಿಸಿನ ಕುಂಕುಮಕ್ಕೆಂದು ಹೆಣ್ಣಿಗೆ ಕೊಟ್ಟದ್ದನ್ನು ಈ ಸೀಮೆಯಲ್ಲಿ ಗಂಡನೂ ಮುಟ್ಟುವುದಿಲ್ಲ, ಗಂಡನ ಸಾಲಗಾರನೂ ಮುಟ್ಟುವುದಿಲ್ಲ. ನಂಜಯ್ಯನ ತಾಯಿಗೂ ಹಾಗೆ ಬಂದ ಒಂದು ಹಸು ಇತ್ತು. ಆ ಹಸುವಿನ ಹಾಲನ್ನು ಅವನ ಅಪ್ಪ ಕೇಳಿ ಕುಡಿಯುತ್ತಿದ್ದ. ಈಗ ಆ ಹೊಲದಲ್ಲಿ ಸೋಮಮ್ಮನ ತಂಗಿ ಬಸವಮ್ಮ ಒಬ್ಬಳೇ ಬಗ್ಗಿ ಅರಿಸಿನದ ಗೆಡ್ಡೆ ಊರುತ್ತಿದ್ದಳು. ತವರಿನಿಂದ ಬಂದ ಬಿತ್ತನೆಯೇ ಇವತ್ತಿಗೂ ಅಲ್ಲಿ ಬೆಳೆಯುತ್ತದೆಂದು ಪುಟ್ಟಮಲ್ಲಪ್ಪ ಹೇಳಿದ. ಆಮೇಲೆ, ಹೇಳಬೇಕಾದ್ದೇನೂ ಅಲ್ಲವೆಂಬಂತೆ, ನಿನ್ನೆ ಸೋಮಿಯೂ ಬಂದಿದ್ದಳು, ಸಂಜೆ ಬಸ್ಸಿನವರೆಗೆ ಆ ಬದುವಿನ ಮೇಲೆ ಕೂತಿದ್ದಳು ಎಂದ.

ನಿನ್ನೆ ಅಂದರೆ ಭಾನುವಾರ. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ದಿನ. ನಂಜಯ್ಯ ಎಳನೀರಿನ ಬುರುಡೆಯನ್ನು ನಿಧಾನವಾಗಿ ಕೆಳಗಿಟ್ಟ. ಬಸವಮ್ಮನನ್ನು ಮಾತಾಡಿಸದೆ, ಕೊನೆಯ ಬಸ್ಸು ತಪ್ಪೀತೆಂದು ಗುಂಡ್ಲುಪೇಟೆಗೆ ಹಿಂತಿರುಗಿದ. ಸುಳ್ಳು ಸಿಕ್ಕಿತ್ತು, ಕಾರಣವೂ ಸಿಕ್ಕಿತ್ತು. ಆದರೂ ಅಕ್ಷರ ಬಾರದ ಹೆಂಗಸು ಮೂರರಲ್ಲಿ ಒಂದನ್ನು ಆರಿಸಿದ್ದು ಹೇಗೆ? ಬಸ್ಸು ತೆರಕಣಾಂಬಿ ದಾಟುವಾಗ ಅವನಿಗೆ ಉತ್ತರ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವೇನೂ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದವನಿಗೆ ಪಹರೆಯ ಪೊಲೀಸಿನವನು ಒಂದು ಸುದ್ದಿ ಹೇಳಿದ. ರಾತ್ರಿಯೂ ಬೆಳಿಗ್ಗೆಯೂ ಮೇಷ್ಟ್ರ ಹೆಂಡತಿ ನಿಂಗಯ್ಯನಿಗೆ ಮುದ್ದೆ, ಸಾರು ತಂದುಕೊಟ್ಟರಂತೆ. ತನ್ನ ಮನೆ ದೋಚಿದವನಿಗೆ ಊಟ ಹೊರುವವರನ್ನು ಅವನು ಈವರೆಗೆ ಕಂಡಿರಲಿಲ್ಲ. ನಂಜಯ್ಯ ಗಡಿಯಾರ ನೋಡಿದ. ಒಂಬತ್ತಾಗಿತ್ತು.

ಮೇಷ್ಟ್ರು ಜಗಲಿಯಲ್ಲೇ ಇದ್ದರು. ನಂಜಯ್ಯ ಸೋಮಮ್ಮನನ್ನೂ ಹೊರಗೆ ಕರೆದು ಕೂರಲು ಹೇಳಿದ. ಅವಳು ಬಾಗಿಲವಾಡಕ್ಕೆ ಆತುಕೊಂಡು ನಿಂತಳು.

‘ಕಳ್ಳನಿಗೆ ಓದು ಬತ್ತದೆ ಅಂತ ನಾವೆಲ್ಲ ಅಂದ್ಕಂಡೊ ಮೇಷ್ಟ್ರೇ,’ ಎಂದ ನಂಜಯ್ಯ. ‘ಓದು ಬಲ್ಲೋರು ಮಾಡೋ ತಪ್ಪು ಅದು. ನನಗೂ ಓದು ಬತ್ತದೆ, ನಾನೂ ಮಾಡ್ದೆ. ಪುಸ್ತಕ ಅಂದ್ರೆ ಓದೇ ಗುರ್ತಿಸ್ಬೇಕು ಅಂತ.’

‘ಮತ್ತೆ ಹೇಗೆ ಗುರುತಿಸುತ್ತಾರೆ?’

‘ನಿನ್ನೆ ನಿಮ್ಮ ಕಣ್ಮುಂದೇ ಗುರ್ತಿಸಿದ್ರು. ಮೂರನೇದು ತತ್ತಾ ಅಂದ್ರಿ. ಪೆಟ್ಟಿಗೇಲಿ ಇದ್ದದ್ದು ಎರಡು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ, ಮೇಲೆ ಬರವಣಿಗೆ ಇಲ್ಲ. ಕೋಣೇಲಿ ಬೆಳಕಿಲ್ಲ, ದೀಪ ಹಚ್ಚಲಿಲ್ಲ. ಯಾವುದು ಅಂತ ಕೇಳಲೂ ಇಲ್ಲ. ಮೂರನೇದನ್ನೇ ತಂದಿಟ್ರು. ಅದು ಅಕಸ್ಮಾತ್ ಇರ್ಬೋದು ಅಂತ ನಾನೂ ಅಂದ್ಕಂತಿದ್ದೆ. ಆದ್ರೆ ಭಾನುವಾರ ಇವರು ಕೆರೇಲಿ ಇರ್ಲಿಲ್ಲ. ಭೀಮನಬೀಡಿನ ಬದುವಿನ ಮೇಲೆ ಕೂತಿದ್ರು.’

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳು ಅಲ್ಲಗಳೆಯುವಳೆಂದು ಕಾದರು.

‘ಪುಸ್ತಕ ತಗಂಡೋರು ಸೋಮಮ್ಮನೋರು,’ ಎಂದ ನಂಜಯ್ಯ. ಆಮೇಲೆ ಅವಳ ಕಡೆ ತಿರುಗಿ, ‘ಹನ್ನೊಂದು ಗಂಟೆಗೆ ನಿಂಗಯ್ಯನ್ನ ಕೋರ್ಟಿಗೆ ನಿಲ್ಸ್ತಾರೆ ತಾಯಿ. ನಿಂತ ಅಂದ್ರೆ ಕೆಲ್ಸ ಹೋಯ್ತದೆ. ಮುದ್ದೆ ಒತ್ಕೊಂಡೋಗಿ ಅದ ತುಂಬಕ್ಕಾಗಲ್ಲ,’ ಎಂದ.

ಅವಳಿಗೆ ಅದು ಗೊತ್ತಿರಲಿಲ್ಲ. ಹುಣ್ಣಿಮೆ ಕಳೆದ ಮೇಲೆ ತಾನೇ ಹೇಳಿ ಬಿಡಿಸಿಕೊಂಡು ಬರುತ್ತೇನೆ ಅಂದುಕೊಂಡಿದ್ದಳಂತೆ. ನಿಂತಲ್ಲೇ ಕೂತಳು.

‘ಮೂರು ಪುಸ್ತಕಾನೂ ಸೂಜೀಲಿ ಒಲ್ದವಳು ನಾನು,’ ಎಂದಳು. ‘ಮೊದಲ್ನೇದು ಒಲಿಯೋವಾಗ ಯುದ್ಧದ ಕಾಲ, ದಾರಕ್ಕೂ ರೇಷನ್ನು, ಗೋಣಿ ದಾರದಲ್ಲಿ ಒಲ್ದೆ. ಎರಡ್ನೇದು ನನ್ನ ಸೀರೆ ಅಂಚಿನ ದಾರ. ಮೂರ್ನೇದು ಮಿಷನ್ ದಾರ. ಬೆನ್ನು ಸವರುದ್ರೆ ತಿಳೀತದೆ. ಸುಟ್ಬುಡನ ಅಂತ್ಲೇ ಒಲೆ ಮುಂದೆ ಕೂತಿದ್ದೆ. ಕೈ ಬರ್ನಿಲ್ಲ. ನನ್ ತಂಗಿ ಬಸವಿ ಮನೆ ರಾಗಿ ಗುಡಾಣದಲ್ಲಿ ಮಡ್ಗಿವ್ನಿ.’

‘ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಸೋಮಿ?’ ಎಂದರು ಮೇಷ್ಟ್ರು.

‘ನೆಲ ಕೊಡೋದ ನೀವು ನನಗೆ ಏಳುದ್ರಾ? ಜಗಲೀಲಿ ಜನಕ್ಕೆ ಏಳೋವಾಗ ಒಳಗಿಂದ ಕೇಳುಸ್ಕಂಡೆ.’

ಮೇಷ್ಟ್ರು ತಲೆ ತಗ್ಗಿಸಿದರು.

‘ಒಂಬತ್ತ್ನೇ ಕತೇಲಿ ರಾಜ ಎಲ್ಲ ಕೊಟ್ಬುಡ್ತಾನೆ. ಆನೆ ಕೊಡ್ತಾನೆ, ಮಕ್ಕಳ್ನ ಕೊಡ್ತಾನೆ, ಕೊನೀಗೆ ಎಂಡ್ತೀನೂ ಕೊಡ್ತಾನೆ. ನೀವು ಓದೋವಾಗ ನಿಂಗಯ್ಯ ಕಣ್ಣೀರು ಆಕ್ದ. ನಾನು ಒಳಗಿಂದ ಒಂದು ಮಾತು ಕೇಳ್ದೆ, ಗೆಪ್ತಿ ಐತಾ? ಎಂಡ್ತೀನ ಕೊಡೋವಾಗ ಎಂಡ್ತೀನ ಒಂದ್ಮಾತು ಕೇಳುದ್ನಾ ಅಂತ. ಇದ್ರಲ್ಲಿ ಬರ್ದಿಲ್ಲ ಅಂದ್ರಿ. ಅಂದು ಮುಂದುಕ್ಕೆ ಓದುದ್ರಿ.’

ಬೀದಿಯಲ್ಲಿ ಅರಿಸಿನದ ಗಾಡಿಗಳು ಸಾಲಾಗಿ ಹೋದವು. ಮೇಷ್ಟ್ರ ಕಣ್ಣು ತುಂಬಿತ್ತು. ಹನ್ನೊಂದು ವರ್ಷ ಒಂದೊಂದು ಶಬ್ದಕ್ಕೆ ಹತ್ತು ಅರ್ಥ ತೂಗಿ ನೋಡಿದ ಮನುಷ್ಯ, ಮನೆಯೊಳಗಿಂದ ಬಂದ ಆ ಒಂದು ಮಾತನ್ನು ತೂಗಿರಲಿಲ್ಲ. ನಂಜಯ್ಯನಿಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

‘ಈಗ ಕೇಳ್ತೀನಿ,’ ಎಂದರು ಮೇಷ್ಟ್ರು. ‘ಹುಡುಗರು ಓದೋಕೆ ಇರೋ ಮನೆ. ಆ ನೆಲ ಕೊಡಲಾ ಸೋಮಿ?’

ಈಗ ಅವಳು ಕೊಡಿ ಅನ್ನುತ್ತಾಳೆ ಎಂದು ನಂಜಯ್ಯನಿಗೆ ಅನ್ನಿಸಿತು. ಇಷ್ಟಾದ ಮೇಲೆ ಕೇಳಿದ್ದೇ ಸಾಕೆಂದು ಹೆಂಗಸರು ಹಾಗೆ ಅಂದುಬಿಡುವುದನ್ನು ಅವನು ಎಷ್ಟೋ ಮನೆಗಳಲ್ಲಿ ಕಂಡಿದ್ದ. ಮೇಷ್ಟ್ರ ಮುಖದಲ್ಲೂ ಅದೇ ಆಸೆಯಿತ್ತು.

‘ಬ್ಯಾಡಿ,’ ಎಂದಳು ಸೋಮಮ್ಮ.

ಮೇಷ್ಟ್ರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಆಗಲಿ ಎಂದರು. ಗುರುವಾರ ಕಥೆ ಓದುತ್ತೇನೆ, ನೆಲದ ಮಾತು ಎತ್ತುವುದಿಲ್ಲ, ಸಂಕಲ್ಪ ಮುರಿದದ್ದನ್ನು ಸಭೆಯಲ್ಲೇ ಒಪ್ಪಿಕೊಳ್ಳುತ್ತೇನೆ ಎಂದರು. ಕಳವೇ ಆಗಿಲ್ಲವೆಂದು ಬರೆದುಕೊಳ್ಳಿ ಎಂದು ದಫೇದಾರನನ್ನು ಕೇಳಿಕೊಂಡರು. ಮನೆಯವರು ಎತ್ತಿಟ್ಟಿದ್ದರು, ಸಿಕ್ಕಿತು ಅಂತ ಬರೆದರೆ ಸುಳ್ಳೂ ಆಗುವುದಿಲ್ಲ ಎಂದ ನಂಜಯ್ಯ. ಮೇಷ್ಟ್ರು ಅದಕ್ಕೆ ರುಜು ಹಾಕಿದರು. ಸೋಮಮ್ಮ ಮಧ್ಯಾಹ್ನದ ಬಸ್ಸಿಗೆ ಹೊರಡಲು ಸೀರೆ ಬದಲಿಸಲು ಒಳಗೆ ಹೋದಳು.

ಠಾಣೆ ತಲುಪಿದಾಗ ಹತ್ತೂ ಕಾಲು. ಸಬ್‌ಇನ್ಸ್‌ಪೆಕ್ಟರು ಕಾಗದ ಓದಿ, ಗಂಡಹೆಂಡಿರ ಜಗಳಕ್ಕೆ ಠಾಣೆಯ ಹೊತ್ತು ಹಾಳಾಯಿತೆಂದು ಗೊಣಗಿ, ಲಾಕಪ್ಪು ತೆಗೆಯಲು ಹೇಳಿದರು. ನಂಜಯ್ಯನೇ ಹೋಗಿ ಬೀಗ ತೆಗೆದ. ನಿಂಗಯ್ಯ ಹೊರಗೆ ಬಂದವನು ಅಂಗಿ ಕೊಡವಿಕೊಂಡು, ಪುಸ್ತಕ ಸಿಕ್ಕಿತೇ ಎಂದು ಮೊದಲು ಕೇಳಿದ. ಸಿಕ್ಕಿತು ಎಂದ ಮೇಲೆ ಅವನ ಮುಖ ಅರಳಿತು. ಯಾರು ತೆಗೆದದ್ದು ಎಂದ.

‘ಯಾರೂ ಕದ್ದಿಲ್ಲ ಕಣಪ್ಪ. ಮನೇಲೇ ಎತ್ತಿಟ್ಟಿದ್ರು.’

ನಿಂಗಯ್ಯ ಎರಡು ಮೆಟ್ಟಿಲು ಇಳಿದವನು ನಿಂತ. ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದವನ ಹಾಗಿತ್ತು.

‘ಅಂಗಾರೆ ನನ್ನ ಯಾಕ ಇಡ್ಕಂಡಿದ್ರಿ ದಫೇದಾರ್ರೇ?’

ನಂಜಯ್ಯ ಸುಳ್ಳು ಹೇಳಲೂ ಆಗದಷ್ಟು ದಣಿದಿದ್ದ.

‘ನಿಂಗೆ ಓದಕ್ಕೆ ಬತ್ತದೆ ಅಂತ,’ ಎಂದ.